ಎಷ್ಟು ಸಲ ನೆನಪಾಯಿತು?

ನಮ್ಮ ಮೇಡಂ ಅವರ ಸಂತಾಪ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರಿಗೆ, ಮಗಳಿಗೆ, ಅಳಿಯಂದಿರಿಗೆ, ಅಜ್ಜಿ ಕೂರುತ್ತಿದ್ದ ಸ್ಟೂಲನ್ನು ಆಗಲೇ ತನ್ನದು ಮಾಡಿಕೊಂಡಿರುವ ಪುಟ್ಟ ಮೊಮ್ಮಗಳಿಗೆ — ನಮಸ್ಕಾರ. ಆ ಮೈಕು ಸ್ವಲ್ಪ ಕೆಳಗೆ ಮಾಡಿ. ಹ್ಞಾಂ, ಸಾಕು.

ನಾನು ಭಾಷಣಕಾರನಲ್ಲ, ಅಚ್ಚು ಮಾಡುವವನು. ಇಪ್ಪತ್ತಾರು ವರ್ಷ ಮೇಡಂ ಕಾಗದದ ಮೇಲೆ ಗೆರೆ ಎಳೆದರು, ನಾನು ಉಕ್ಕು ಕೊರೆದೆ. ಇಷ್ಟೇ ನಮ್ಮ ಸಂಬಂಧ. ಇದರಲ್ಲಿ ಜಗಳ ಎಷ್ಟು, ಮಾತು ಬಿಟ್ಟ ದಿನಗಳೆಷ್ಟು, ಅದನ್ನು ಪ್ಯಾಕಿಂಗ್ ವಿಭಾಗದವರನ್ನು ಕೇಳಿ. ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನನಗಿಂತ ಮೊದಲು ಮಾತನಾಡಿದ ಹಿರಿಯರು ಬಹಳ ಗೌರವದಿಂದ ಮಾತನಾಡಿದರು. ಆದರೆ ಒಂದು ವಿಷಯ ಗಮನಿಸಿದೆ. ಒಬ್ಬರು "ಆ ಉತ್ಪನ್ನ" ಅಂದರು. ಇನ್ನೊಬ್ಬರು "ಮಹಿಳೆಯರಿಗೆ ಸಂಬಂಧಪಟ್ಟ ಆ ಸಾಧನ" ಅಂದು, ಒಂದು ಗುಟುಕು ನೀರು ಕುಡಿದರು. ಮೇಡಂ ಇದ್ದಿದ್ದರೆ ಇಬ್ಬರನ್ನೂ ವಾಪಸ್ಸು ಕರೆದು ಸರಿಯಾಗಿ ಹೇಳಿಸುತ್ತಿದ್ದರು. ನಮ್ಮ ವರ್ಕ್‌ಶಾಪಿಗೆ ಯಾರೇ ಸೇರಲಿ, ಮೊದಲ ದಿನ ಮೂರು ಪದ ಗಟ್ಟಿಯಾಗಿ ಹೇಳಬೇಕಿತ್ತು — ಮುಟ್ಟು, ಯೋನಿ, ಗರ್ಭಕೋಶ. ಗೇಟಿನ ಕಾವಲುಗಾರರೂ ಹೇಳಿದ್ದಾರೆ. ನಾನು ಗೋಡೆ ನೋಡಿಕೊಂಡು ಹೇಳಿದೆ. "ಗೋಡೆಗೆ ಮುಟ್ಟಾಗಲ್ಲ ಮೇಸ್ತ್ರೀ, ನನ್ನ ಮುಖ ನೋಡಿ ಹೇಳಿ" ಅಂದರು.

ಆದ್ದರಿಂದ ನಾನು ನಿಮ್ಮ ಮುಖ ನೋಡಿಯೇ ಹೇಳುತ್ತೇನೆ. ನಾವು ಇಲ್ಲಿ ಮಾಡುವುದು ಎರಡು ವಸ್ತು. ಒಂದು, ಮುಟ್ಟಿನ ಕಪ್. ಇನ್ನೊಂದು, ಔಷಧದ ಉಂಗುರ. ಬೆರಳಿಗೆ ಹಾಕುವುದಲ್ಲ, ಯೋನಿಯೊಳಗೆ ಇಡುವುದು. ಒಮ್ಮೆ ಇಟ್ಟರೆ ಮೂರು ತಿಂಗಳು ತಾನಾಗಿಯೇ ಚೂರು ಚೂರು ಮದ್ದು ಬಿಡುತ್ತದೆ. ಮುಟ್ಟು ನಿಂತ ಮೇಲೆ ಒಳಗೆ ಒಣಗಿ ಉರಿಯುವ ಹೆಂಗಸರಿಗೆ ಅದು. ನಮ್ಮ ತಾಯಂದಿರು ಆ ಉರಿಯನ್ನು ಯಾರಿಗೂ ಹೇಳದೆ ಹೋದರು. ನನ್ನ ತಾಯಿಗೂ ಅದು ಇತ್ತೋ ಏನೋ, ನನಗೆ ಗೊತ್ತಿಲ್ಲ. ಕೇಳುವ ಬುದ್ಧಿ ನನಗೆ ಬರುವ ಹೊತ್ತಿಗೆ ಅವರಿರಲಿಲ್ಲ.

ಮೇಡಂ ಮೊದಲು ನೀರಿನ ಪಂಪಿಗೆ ರಬ್ಬರ್ ವಾಷರ್ ವಿನ್ಯಾಸ ಮಾಡುತ್ತಿದ್ದರು. ಆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಒಬ್ಬಾಕೆ ಬೆಳಿಗ್ಗೆ ಕೂತವರು ಸಂಜೆವರೆಗೆ ಸ್ಟೂಲು ಬಿಟ್ಟು ಏಳಲಿಲ್ಲವಂತೆ. ಊಟಕ್ಕೂ ಏಳಲಿಲ್ಲ. ಎಲ್ಲರೂ ಹೋದ ಮೇಲೆ ಮೇಡಂ ಹತ್ತಿರ ಹೋಗಿ "ಏನಾಯ್ತಮ್ಮ?" ಅಂದರೆ, ಆಕೆ ತಲೆ ತಗ್ಗಿಸಿ ಒಂದೇ ಮಾತು — "ಪರವಾಗಿಲ್ಲ ಮೇಡಂ." ಎದ್ದಾಗ ಸ್ಟೂಲು ನೋಡಿದರು. ಮೇಡಂ ತಮ್ಮ ದುಪಟ್ಟಾ ಬಿಚ್ಚಿ ಆಕೆಯ ಸೊಂಟಕ್ಕೆ ಸುತ್ತಿ ಮನೆಗೆ ಕಳಿಸಿದರು. ಆಮೇಲೆ ನಮಗೆ ಯಾವಾಗಲೂ ಹೇಳುತ್ತಿದ್ದರು: "ಪಂಪು ಸೋರಬಾರದು ಅಂತ ಮೂರು ವರ್ಷ ತಲೆ ಕೆಡಿಸ್ಕೊಂಡೆ ಕಣ್ರೀ. ನನ್ನ ಎದುರಿಗೇ ಕೂತಿದ್ದೋಳ ಕಡೆ ಒಂದು ದಿನವೂ ನೋಡಿರಲಿಲ್ಲ."

ಅಂದಿನಿಂದ ಅವರಿಗೆ ಆ ಒಂದು ಪದದ ಮೇಲೆ ಸಿಟ್ಟು. ಪರವಾಗಿಲ್ಲ. ಈ ವರ್ಕ್‌ಶಾಪಿನ ಬಾಗಿಲೊಳಗೆ ಆ ಪದಕ್ಕೆ ಪ್ರವೇಶ ಇರಲಿಲ್ಲ. ಚಹಾ ಹೇಗಿದೆ ಅಂದರೂ "ಪರವಾಗಿಲ್ಲ" ಅನ್ನುವ ಹಾಗಿಲ್ಲ. ಚೆನ್ನಾಗಿದೆ ಅನ್ನಬೇಕು, ಇಲ್ಲ ಕೆಟ್ಟದಾಗಿದೆ ಅನ್ನಬೇಕು. ಹಾಗಾಗಿ ನಾವು ಬೆನ್ನ ಹಿಂದೆ ಅವರನ್ನು "ಪರವಾಗಿಲ್ಲ ಮೇಡಂ" ಅಂತಲೇ ಕರೆಯುತ್ತಿದ್ದೆವು. ಅವರಿಗೂ ಗೊತ್ತಿತ್ತು. ಯಜಮಾನರು ನಗುತ್ತಿದ್ದಾರೆ, ನೋಡಿ — ಮನೆಯಲ್ಲೂ ಇದೇ ಕಾನೂನಿತ್ತು ಅಂತ ಕಾಣುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ.

ಮೊದಲ ಉಂಗುರದ ಅಚ್ಚು ನಾನೇ ಮಾಡಿದ್ದು. ಮದ್ದು ಸೇರಿಸುವ ಮುಂಚೆ, ಬರೀ ಉಂಗುರವನ್ನು ನಲವತ್ತು ಹೆಂಗಸರು ಒಂದು ತಿಂಗಳು ಇಟ್ಟುಕೊಂಡು ನೋಡಿದರು. ನಮ್ಮ ನರ್ಸಮ್ಮ — ಅಗೋ, ಕಿಟಕಿಯ ಹತ್ತಿರ ಕೂತಿದ್ದಾರೆ — ಮನೆ ಮನೆಗೆ ಹೋಗಿ "ಹೇಗಿದೆ?" ಅಂತ ಕೇಳಿ ಉತ್ತರ ಬರೆದುಕೊಂಡು ಬಂದರು. ಬಂದವರು ಜ್ವರ ಬಂದು ಮಲಗಿದರು. ಉತ್ತರಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಹಾಳೆಯಲ್ಲಿ ಎರಡೇ ಮನೆ: ಸರಿಯಿದೆ, ಸರಿಯಿಲ್ಲ. ನಲವತ್ತರಲ್ಲಿ ಮೂವತ್ತೊಂದು ಜನ "ಪರವಾಗಿಲ್ಲ" ಅಂದಿದ್ದರು. ನಾನು ಮೂವತ್ತೊಂದನ್ನೂ "ಸರಿಯಿದೆ" ಮನೆಗೆ ಹಾಕಿದೆ. ಹಾಕಿ, ಎದೆ ಉಬ್ಬಿಸಿಕೊಂಡು, ಇನ್ನೊಂದೈವತ್ತು ಉಂಗುರ ಮಾಡಲು ಅಚ್ಚನ್ನು ಯಂತ್ರಕ್ಕೂ ಏರಿಸಿದೆ.

ಮೇಡಂ ಹಾಳೆ ನೋಡಿದರು. ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಏನರ್ಥ ಅಂತ ಇಲ್ಲಿರುವವರಿಗೆಲ್ಲ ಗೊತ್ತು.

"ಮೇಸ್ತ್ರೀ, ನಿಮ್ಮ ಮನೆಯವರು ಪರವಾಗಿಲ್ಲ ಅಂದ್ರೆ, ಅದನ್ನ ಯಾವ ಮನೆಗೆ ಹಾಕ್ತೀರಿ?"

ನಾನು ಯೋಚನೆ ಮಾಡಿದೆ. "ಆ ದಿನ ಬಾಯಿ ಮುಚ್ಕೊಂಡು ಇರ್ತೀನಿ ಮೇಡಂ" ಅಂದೆ.

"ಹಾಗಾದ್ರೆ ನಿಮಗೆ ಅರ್ಥ ಗೊತ್ತು. ಗೊತ್ತಿದ್ದೂ ಹಾಕಿದ್ದೀರಿ."

ಯಂತ್ರ ನಿಂತಿತು. ಮೇಡಂ ತಾವೇ ನರ್ಸಮ್ಮನ ಜೊತೆ ಮತ್ತೆ ನಲವತ್ತು ಮನೆಗೂ ಹೋದರು. ಈ ಸಲ "ಹೇಗಿದೆ?" ಅಂತ ಕೇಳಲಿಲ್ಲ. ಒಂದು ಹೊಸ ಪ್ರಶ್ನೆ ಕೇಳಿದರು — "ಎಷ್ಟು ಸಲ ನೆನಪಾಯ್ತು?" ಅಷ್ಟೇ. ಒಳಗೊಂದು ವಸ್ತು ಇದೆ ಅಂತ ದಿನಕ್ಕೆ ಎಷ್ಟು ಸಲ ನೆನಪಾಯಿತು?

ಆಗ ಬಾಯಿ ಬಿಟ್ಟರು ನೋಡಿ. ಒಬ್ಬರು, "ಬಸ್ಸಿನ ಮೆಟ್ಟಿಲು ಹತ್ತೋವಾಗೆಲ್ಲ." ಇನ್ನೊಬ್ಬರು, "ಬಗ್ಗಿ ನೆಲ ಒರೆಸೋವಾಗ." ಒಬ್ಬ ಟೀಚರು, "ಬೋರ್ಡಿನ ಮೇಲ್ಗಡೆ ಬರೆಯೋಕೆ ಕೈ ಎತ್ತಿದಾಗ. ಅದಕ್ಕೇ ಈಗ ಕೆಳಗಡೇನೇ ಬರೀತೀನಿ." ಪಾಪ, ಒಂದು ತಿಂಗಳು ಅರ್ಧ ಬೋರ್ಡಿನಲ್ಲಿ ಪಾಠ ಮಾಡಿದ್ದಾರೆ. ಮಾಡಿ, ಪರವಾಗಿಲ್ಲ ಅಂದಿದ್ದಾರೆ.

ತಪ್ಪು ನನ್ನ ಅಚ್ಚಿನಲ್ಲಿತ್ತು. ಅಚ್ಚು ಎರಡು ಹೋಳು. ಎರಡು ಹೋಳು ಕೂಡುವ ಜಾಗದಲ್ಲಿ ಉಂಗುರದ ಮೇಲೆ ಒಂದು ಗೆರೆ ಏಳುತ್ತದೆ. ಕೂದಲೆಳೆಗಿಂತ ಸಣ್ಣದು. ನಾನು ಹೆಬ್ಬೆರಳಿನಿಂದ ಸವರಿ ನೋಡಿದೆ. "ಏನೂ ಇಲ್ಲ ಮೇಡಂ, ಬೆಣ್ಣೆ" ಅಂದೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಈ ಕೈ — ಹೀಗೆ. ನಲವತ್ತು ವರ್ಷ ಉಕ್ಕು ಉಜ್ಜುವ ಅರ ಹಿಡಿದ ಕೈ. ದಡ್ಡುಗಟ್ಟಿದೆ. ಬಿಸಿ ಲೋಟ ಹಿಡಿದರೂ ಗೊತ್ತಾಗುವುದಿಲ್ಲ.

"ಈ ಬೆರಳಿಗೆ ಏನು ಗೊತ್ತಾಗತ್ತೆ ಮೇಸ್ತ್ರೀ. ನಾಲಗೆ ಇಡಿ."

ನಾನು ಹಿಂದೆ ಮುಂದೆ ನೋಡಿದೆ. ಪ್ಯಾಕಿಂಗ್‌ನವರೆಲ್ಲ ನೋಡುತ್ತಿದ್ದಾರೆ. "ಅದು ತೊಳೆದಿರೋ ಹೊಸ ಉಂಗುರ, ನಾಲಗೆ ಇಡಿ" ಅಂದರು. ಇಟ್ಟೆ. ಸ್ವಾಮಿ — ನಾಲಗೆ ತುದಿಗೆ ಆ ಗೆರೆ ಗರಗಸದ ಹಾಗೆ ಸಿಕ್ಕಿತು. ನನಗೆ ತಲೆ ಎತ್ತಲಾಗಲಿಲ್ಲ. ನಲವತ್ತು ಜನ ಹೆಂಗಸರ ಮೈಯೊಳಗೆ ಒಂದು ತಿಂಗಳು ನಾನು ಗರಗಸ ಇಟ್ಟಿದ್ದೆ. ಇಟ್ಟು, ಸರಿಯಿದೆ ಅಂತ ಬರೆದಿದ್ದೆ.

ಮೇಡಂ ಬೈಯಲಿಲ್ಲ. "ಸರಿ ಮಾಡೋಣ" ಅಂದರು. ಏಳು ಅಚ್ಚು ಹಾಳು ಮಾಡಿ ಎಂಟನೆಯದಕ್ಕೆ ಗೆರೆ ಹೋಯಿತು. ಅಂದಿನಿಂದ ಪ್ರತಿ ಅಚ್ಚಿನ ಮೊದಲ ಉಂಗುರಕ್ಕೂ, ಮೊದಲ ಕಪ್ಪಿನ ಅಂಚಿಗೂ ನಾನು ನಾಲಗೆ ಇಟ್ಟು ನೋಡುತ್ತೇನೆ. ಹುಡುಗಿಯರು ನನ್ನನ್ನು "ರುಚಿ ನೋಡೋ ಮೇಸ್ತ್ರಿ" ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ನೋಡಿದ್ದನ್ನು ಮಾರುವುದಿಲ್ಲ, ಕತ್ತರಿಸಿ ಬಿಸಾಡುತ್ತೇವೆ, ಯಾರೂ ಗಾಬರಿಯಾಗಬೇಡಿ. ನಮ್ಮ ಹಾಳೆಯಲ್ಲಿ "ಹೇಗಿದೆ" ಅನ್ನುವ ಪ್ರಶ್ನೆಯೂ ಹೋಯಿತು. ಅಲ್ಲಿ ಈಗಲೂ ಇರುವುದು ಮೇಡಂ ಅವರ ಪ್ರಶ್ನೆ. ಅದಕ್ಕೆ ಒಂದೇ ಸರಿಯುತ್ತರ — "ಮರೆತೇ ಹೋಗಿತ್ತು."

ಈಗ — ಸ್ವಲ್ಪ ತಡೆಯಿರಿ — ಈಗ ಹೇಳುವುದನ್ನು ಈ ಬೆಳಿಗ್ಗೆವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಮನೆಯವರಿಗೂ.

ನಾಲ್ಕು ತಿಂಗಳ ಹಿಂದೆ ಮೇಡಂ ತಾವೇ ನಮ್ಮ ಉಂಗುರ ಹಾಕಿಸಿಕೊಂಡರು. ಹೊಸ ಅಚ್ಚಿನದು. ಆ ಅಚ್ಚು ನಾನು ಮಾಡಿದ ಕೊನೆಯದು, ಇನ್ನು ಮುಂದೆ ಕಣ್ಣು ಸಾಲದು. ಎರಡು ತಿಂಗಳ ಹಿಂದೆ ಫೋನು ಮಾಡಿ ಕೇಳಿದೆ, "ಹೇಗಿದೆ ಮೇಡಂ?" ಅವರು ಹೇಳಿದರು —

"ಪರವಾಗಿಲ್ಲ ಮೇಸ್ತ್ರೀ."

ಇಪ್ಪತ್ತಾರು ವರ್ಷದಲ್ಲಿ ಆ ಬಾಯಿಂದ ನಾನು ಆ ಪದ ಕೇಳಿರಲಿಲ್ಲ. ಫೋನಿಟ್ಟು ಹಾಗೇ ಕೂತೆ. ನನಗೆ ಬೇಜಾರಾಗಬಾರದು ಅಂತ ಹಾಗಂದರು, ಎಲ್ಲೋ ಒತ್ತುತ್ತಿದೆ ಅಂದುಕೊಂಡೆ. ಮಾರನೆಯ ದಿನ ಬಂದು ಅಚ್ಚು ಬಿಚ್ಚಿ, ಅದರ ಒಂದು ಹೊಸ ಉಂಗುರ ತೆಗೆದುಕೊಂಡೆ. ನಾಲಗೆ ಇಟ್ಟೆ. ಏನೂ ಸಿಗಲಿಲ್ಲ. ನಾಲಗೆಗೂ ವಯಸ್ಸಾಯಿತೇನೋ ಅಂತ ಪ್ಯಾಕಿಂಗ್‌ನ ಹುಡುಗಿಗೆ ಕೊಟ್ಟೆ, ಅವಳಿಗೂ ಸಿಗಲಿಲ್ಲ. ಮತ್ತೆ ಫೋನು ಮಾಡಿ ಬಿಡಿಸಿ ಕೇಳಬೇಕಿತ್ತು. ನಾಚಿಕೆಯಾಯಿತು. ಗೋಡೆ ನೋಡಿಕೊಂಡು ಮಾತಾಡುವ ಬುದ್ಧಿ ಎಲ್ಲಿ ಹೋಗುತ್ತದೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹೃದಯದ ತೊಂದರೆ. ಐದನೆಯ ದಿನ ಹೋಗಿಬಿಟ್ಟರು.

ಅವರು ಹೋದ ದುಃಖ ಒಂದು ಕಡೆ. ನನಗೆ ಊಟ ಸೇರದಂತೆ ಮಾಡಿದ್ದು ಇನ್ನೊಂದು. ಆ ತಾಯಿ ಕೊನೆಯ ದಿನಗಳಲ್ಲಿ ನನ್ನ ಕೈಕೆಲಸದಿಂದ ನೋವು ತಿಂದರೇ? ತಿಂದು, ನನ್ನ ಮುಖ ನೋಡಿ ನುಂಗಿಕೊಂಡರೇ?

ಈ ಬೆಳಿಗ್ಗೆ ಕುರ್ಚಿ ಹಾಕುತ್ತಿದ್ದಾಗ ಮಗಳು ಹತ್ತಿರ ಬಂದರು. "ಮಾಮ, ಅಮ್ಮ ನಿಮಗೆ ಕೊಡೋಕೆ ಹೇಳಿದ್ದು. ಗಲಾಟೇಲಿ ಉಳಿದುಹೋಯ್ತು" ಅಂತ ಒಂದು ಮಡಚಿದ ಹಾಳೆ ಕೊಟ್ಟರು. ಕೊಟ್ಟು, ನಡೆದದ್ದು ಹೇಳಿದರು. ಅವರ ಅಪ್ಪಣೆ ಪಡೆದೇ ನಿಮಗೆ ಹೇಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಕರೆದುಕೊಂಡು ಹೋಗುವ ಮುಂಚೆ ನರ್ಸು ಕೇಳಿದರಂತೆ, "ಮೈಯೊಳಗೆ ಏನಾದ್ರೂ ಇಟ್ಟಿದ್ದಾರಾ ಅಮ್ಮ? ರಾಡು, ಸ್ಕ್ರೂ, ಏನಾದ್ರೂ?" ಮೇಡಂ ಠೀವಿಯಿಂದ, "ಏನೂ ಇಲ್ಲಮ್ಮ. ಹಲ್ಲು ಕೂಡ ನನ್ನದೇ" ಅಂದರಂತೆ. ನರ್ಸು "ಇಲ್ಲ" ಅಂತ ಬರೆದೂ ಆಯಿತು. ಆಗ ಮಗಳು, "ಅಮ್ಮಾ — ಉಂಗುರ?"

ಮೇಡಂ ಕಣ್ಣು ಪಿಳಿಪಿಳಿ ಬಿಟ್ಟರಂತೆ. ಆಮೇಲೆ ನಗಲು ಶುರು ಮಾಡಿದರಂತೆ. ಎಂಥ ನಗು ಅಂದರೆ, ಪಕ್ಕದ ಯಂತ್ರ ಕುಯ್ಯೋ ಅಂತ ಕೂಗಿ ಇನ್ನೊಬ್ಬ ನರ್ಸು ಓಡಿ ಬಂದರಂತೆ. "ಮರ್ತೇ ಹೋಗಿತ್ತು ಕಣೇ. ಅಯ್ಯೋ ದೇವರೇ, ನಂಗೇ ಮರ್ತೇ ಹೋಗಿತ್ತು."

ಹಾಗಾದರೆ ನನಗೆ "ಪರವಾಗಿಲ್ಲ" ಅಂದದ್ದು ಯಾಕೆ? ಅದನ್ನೂ ಮಗಳನ್ನು ಕೇಳಿದೆ. ಅವರು ನನ್ನನ್ನು ಒಂಥರಾ ನೋಡಿದರು. "ಮಾಮ, ನೀವು ಏನಂತ ಕೇಳಿದ್ರಿ?" "ಹೇಗಿದೆ ಅಂತ." "ಏನು ಹೇಗಿದೆ ಅಂತ?"

ನೋಡಿ. ನಾನು ಉಂಗುರ ಹೇಗಿದೆ ಅಂತ ಕೇಳಿದೆ. ಅವರಿಗೆ ಆಗಲೇ ಎದೆನೋವು ಶುರುವಾಗಿತ್ತಂತೆ, ಅವರು ಎದೆ ಹೇಗಿದೆ ಅಂತ ತಿಳಿದರು. ಉಂಗುರ ನೆನಪಿದ್ದರೆ ತಾನೇ ಅದರ ಬಗ್ಗೆ ಹೇಳುವುದು? ಯಾವ ಪ್ರಶ್ನೆಯನ್ನು ಅವರು ನಮ್ಮ ಹಾಳೆಯಿಂದ ಹೊಡೆದು ಹಾಕಿದ್ದರೋ, ಅದನ್ನೇ ಅವರಿಗೇ ಕೇಳಿ ನಾನು ಎರಡು ತಿಂಗಳು ಒದ್ದಾಡಿದೆ. ಎದೆಯ ವಿಷಯವನ್ನಾದರೂ ಮುಚ್ಚಿಟ್ಟರೇ ಅಂತ ಕೇಳಿದೆ. "ಇಲ್ಲ ಮಾಮ. ಡಾಕ್ಟರಿಗೆ ಪ್ರತಿಯೊಂದೂ ಹೇಳಿದ್ರು. ಡಾಕ್ಟರೇ ಸುಸ್ತು" ಅಂದರು. ನಿಮಗೆ ಫೋನಿನಲ್ಲಿ ಗಾಬರಿ ಮಾಡೋದು ಬೇಡ ಅಂತ ಹಾಗಂದಿರಬೇಕು ಅಂದರು. ಅಂದರೆ ಅವರೂ ಒಂದು ಸಲ ಆ ಪದ ಹೇಳಿಬಿಟ್ಟರು. ಅಷ್ಟಕ್ಕೆ ಅವರನ್ನು ಮನ್ನಿಸಬಹುದು.

ಇದು ಆ ಹಾಳೆ. ನಮ್ಮದೇ ಪರೀಕ್ಷೆಯ ಹಾಳೆ. ಆಸ್ಪತ್ರೆಗೂ ಕೈಚೀಲದಲ್ಲಿ ಒಂದು ಇಟ್ಟುಕೊಂಡು ಹೋಗಿದ್ದಾರೆ, ನೋಡಿ. ಅಕ್ಷರ ಸ್ವಲ್ಪ ನಡುಗಿದೆ. ಕನ್ನಡಕ — ಇಲ್ಲೇ ಇದೆ. ಓದುತ್ತೇನೆ.

"ಎಷ್ಟು ಸಲ ನೆನಪಾಯಿತು?" ಅದರ ಮುಂದೆ ಬರೆದಿದ್ದಾರೆ: "ಒಂದು ಸಲ. ಅದೂ ಮಗಳು ನೆನಪಿಸಿದ್ದಕ್ಕೆ." ಕೆಳಗೆ ಒಂದು ಸಾಲು: "ಮೇಸ್ತ್ರಿಗೆ ತಿಳಿಸುವುದು. ಸರಿಯಿದೆ ಮನೆಗೆ ಹಾಕಬಹುದು."

ಹಾಕಿದ್ದೇನೆ ಮೇಡಂ. ಬೆಳಿಗ್ಗೆಯೇ ಹಾಕಿದೆ.

ಎರಡು ತಿಂಗಳ ಮೇಲೆ ಇವತ್ತು ಹೊಟ್ಟೆ ತುಂಬ ತಿಂಡಿ ತಿಂದೆ. ಸಂತಾಪ ಸಭೆಗೆ ಬರುವ ದಿನ ಹಾಗೆ ತಿನ್ನಬಾರದೇನೋ. ಆದರೆ ಅವರಿಗೆ ಸುಳ್ಳು ಹೇಳಿ ನನಗೆ ಗೊತ್ತಿಲ್ಲ, ಇಲ್ಲಿ ನಿಂತು ನಿಮಗೂ ಹೇಳಲಾರೆ. ನನ್ನ ಮನಸ್ಸು ಹಗುರವಾಗಿದೆ. ಉಂಗುರವನ್ನು ಅವರು ಮರೆತರು. ಅವರನ್ನು ನಾವು ಮರೆಯುವುದಿಲ್ಲ, ಅದು ನಮ್ಮ ಪಾಲಿನ ಕೆಲಸ.

ಈಗ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿರೋಣ. ಕಾಲು ನೋಯುವವರು, ಸೊಂಟ ಹಿಡಿದವರು, ಇವತ್ತು ಮುಟ್ಟಾಗಿ ಸುಸ್ತಾಗಿರುವವರು — ದಯವಿಟ್ಟು ಕೂತೇ ಇರಿ. ಪರವಾಗಿಲ್ಲ ಅಂತ ಮಾತ್ರ ಯಾರೂ ಎದ್ದು ನಿಲ್ಲಬೇಡಿ.