ಬ್ಲೇಡು ಹಿಡಿದವನು

ಯಲಹಂಕ ದಾಟಿದರೆ ರನ್‌ವೇ ಪಕ್ಕದಲ್ಲಿ ನಮ್ಮ ತಗಡಿನ ಶೆಡ್ಡು ಸಿಗುತ್ತದೆ. ಆ ಸಂಜೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ತಗಡಿನ ಮೇಲಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸದಂತಾಗಿ, ನಾವು ನಾಲ್ವರೂ ಕುರ್ಚಿಗಳನ್ನು ಹತ್ತಿರ ಎಳೆದುಕೊಂಡು ಟೀ ಕುಡಿಯುತ್ತ ಕುಳಿತೆವು. ವಿಮಾನದ ಎಂಜಿನ್ ನೋಡಿಕೊಳ್ಳುವವಳು ನಾನು, ಶಾಂತಲಾ. ತಗಡಿನ ಕೆಲಸ ಮುರುಗೇಶನದು. ಪೈಲಟ್ ನಿರಂಜನ್. ನಾಲ್ಕನೆಯವರು ಪಿಳ್ಳಣ್ಣ ತಾತ.

ನಮ್ಮ ಪಕ್ಕದಲ್ಲೇ ಹಳದಿ ವಿಮಾನ ನಿಂತಿತ್ತು. ಯುದ್ಧದ ಕಾಲದಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡಲೆಂದು ಮಾಡಿದ್ದು. ಮೂತಿಯಲ್ಲಿ ಸಿಲಿಂಡರುಗಳನ್ನು ದುಂಡಗೆ ಜೋಡಿಸಿದ ಪಿಸ್ಟನ್ ಎಂಜಿನ್. ಮೂರು ವರ್ಷ ಬಿಚ್ಚಿ, ತಿಕ್ಕಿ, ಜೋಡಿಸಿ, ಕೊನೆಗೂ ಮರುದಿನ ಬೆಳಿಗ್ಗೆ ಅದನ್ನು ಹಾರಿಸುವುದಿತ್ತು.

ಪಿಳ್ಳಣ್ಣ ಕೊಡಿಗೇಹಳ್ಳಿಯ ಹಳೇ ಮನೆತನದವರು. ಅವರ ಅಣ್ಣತಮ್ಮಂದಿರು ಜಮೀನಿನ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿಸಿ ಬಾಡಿಗೆ ತಿನ್ನುತ್ತಿದ್ದರೆ ಇವರು ಮಾತ್ರ ಜೀವಮಾನವೆಲ್ಲ ಎಂಜಿನ್ ಬಿಚ್ಚುತ್ತ ಕಳೆದರು. ಇನ್ನಾದರೂ ಮನೆಯಲ್ಲಿರಿ ಎಂದು ಮಗಳು ಧನಲಕ್ಷ್ಮಿ ದಿನಾ ಜಗಳವಾಡುತ್ತಾಳೆ. ಅವರು ದಿನಾ ಬರುತ್ತಾರೆ. ಆವತ್ತು ಮಾತ್ರ ಗಂಗಾನಗರದಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಸಂಜೆಗೆ ಬಂದಿದ್ದರು.

ನಿರಂಜನ್‌ಗೆ ಅವಸರ. ಮಳೆ ನಿಂತ ಕೂಡಲೇ ವಿಮಾನವನ್ನು ಹೊರಗೆ ತಳ್ಳಿ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎಂದ.

"ಮಧ್ಯಾಹ್ನ ನೀವೆಲ್ಲ ಊಟಕ್ಕೆ ಹೋದಾಗ ನಾನೇ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ನೋಡಿದೀನಿ. ಸಲೀಸಾಗಿ ಬಂತು."

ಪಿಳ್ಳಣ್ಣ ಟೀ ಲೋಟ ಕೆಳಗಿಟ್ಟರು.

"ಕೂತ್ಕೊಳ್ಳಿ ಪೈಲಟ್ ಸಾಹೇಬ್ರೇ. ಮಳೆ ನಿಲ್ಲೋವರೆಗೂ ಒಂದ್ ಕತೆ ಕೇಳಿ. ದೆವ್ವದ್ದು. ಇದೇ ಶೆಡ್ಡಿಂದು, ಇದೇ ವಿಮಾನದ್ದು."

ನಿರಂಜನ್ ನಕ್ಕ. ಮುರುಗೇಶ ನಗಲಿಲ್ಲ.

"ನಗಿ ನಗಿ, ನಂದೇನೂ ಅಭ್ಯಂತರ ಇಲ್ಲ. ಶಿವಪುತ್ರ ಅಂತ ಒಬ್ಬ ಇದ್ದ. ವಿಜಾಪುರದ ಕಡೆಯೋನು. ಯಶವಂತಪುರದಲ್ಲಿ ರೈಲಿಂದ ಇಳಿದು, ಬ್ಯಾಗು ಹೆಗಲಿಗೆ ಹಾಕ್ಕೊಂಡು ಸೀದಾ ಇಲ್ಲಿಗೇ ಬಂದ, ಆಮೇಲೆ ಊರಿನ ಕಡೆ ತಲೆ ಹಾಕಿದ್ದೇ ಕಮ್ಮಿ... ಅವನೂ ನಾನೂ ಜೋಡಿ. ಈ ಎಂಜಿನ್ ಇದೆಯಲ್ಲ, ಸುಮ್ನೆ ನಿಂತಿರೋವಾಗ ಎಣ್ಣೆ ಜಿನುಗಿ ಜಿನುಗಿ ಕೆಳಗಿನ ಸಿಲಿಂಡರಿಗೆ ಇಳ್ಕೊಳ್ಳುತ್ತೆ. ಅದಕ್ಕೇ ಸ್ಟಾರ್ಟ್ ಮಾಡೋ ಮುಂಚೆ ಪ್ರೊಪೆಲ್ಲರಿನ ಬ್ಲೇಡು ಹಿಡಿದು ಒಂದೊಂದಾಗಿ ಕೈಯಲ್ಲಿ ಎಳೀಬೇಕು. ಸಿಕ್ಕಾಕೊಂಡ್ರೆ ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಸುರಿಸ್ಬೇಕು. ಹಿಂದಕ್ಕೆ ಮಾತ್ರ ತಿರುಗಿಸ್ಬಾರ್ದು... ಯಾಕೆ ಹೇಳಿ? ಹಿಂದಕ್ಕೆ ತಿರುಗಿಸಿದ್ರೆ ಬಿಟ್ಕೊಳ್ಳುತ್ತೆ, ಎಲ್ಲಾ ಸರಿಯಾಯ್ತು ಅನ್ಸುತ್ತೆ. ಆದ್ರೆ ಎಣ್ಣೆ ಎಲ್ಲಿಗ್ ಹೋಯ್ತು? ಗಾಳಿ ಒಳಗೆ ಬರೋ ಪೈಪಲ್ಲಿ ಹೋಗಿ ಬಚ್ಚಿಟ್ಕೊಂಡಿರುತ್ತೆ. ಎಂಜಿನ್ ಶುರುವಾಯ್ತು ಅಂದ್ರೆ ಅಷ್ಟನ್ನೂ ಮತ್ತೆ ಒಳಕ್ಕೆ ಎಳ್ಕೊಳ್ಳುತ್ತೆ. ಆಮೇಲೆ ಮುರೀಲೇಬೇಕು, ಒಂದೋ ರಾಡು, ಇಲ್ಲಾ ಸಿಲಿಂಡರು.

"ನಮ್ದೊಂದು ಪದ್ಧತಿ ಇತ್ತು. ಒಂದು ಬ್ಲೇಡು ನಾನು ಎಳೀತಿದ್ದೆ, ಮುಂದಿಂದು ಅವನು. ಎಳೆದೋನು ಪಕ್ಕಕ್ಕೆ ಸರಿದು ಕೈ ಬಿಟ್ಟಿದೀನಿ ಅಂತ ಕೂಗಿ ಹೇಳ್ಬೇಕು. ಅದು ಕಿವಿಗೆ ಬೀಳೋವರೆಗೂ ಇನ್ನೊಬ್ಬ ಮುಟ್ಟಂಗಿಲ್ಲ. ನಾನು ‘ಬಿಟ್ಟೆ’ ಅಂತಿದ್ದೆ. ಅವನು ಅವರ ಕಡೆ ಮಾತಲ್ಲಿ ‘ಬಿಟ್ಟೀನ್ರೀ’ ಅಂತಿದ್ದ. ಎಷ್ಟು ವರ್ಷ ಇಂಗೇ ಎಳೆದ್ವೋ... ಹೆಂಡ್ತಿ ದನಿಗಿಂತ ಅವನ ದನೀನೇ ನಾನು ಜಾಸ್ತಿ ಕೇಳಿರೋದು.

"ಒಂದಿನ ಹೊರಗಡೆ ಶಾಮಿಯಾನ ಹಾಕಿ, ಇದು ಸ್ಟಾರ್ಟ್ ಆಗೋದು ನೋಡೋಕೆ ದೊಡ್ಡ ದೊಡ್ಡೋರನ್ನೆಲ್ಲ ಕರೆದಿದ್ರು. ನಾನು ಪೀಣ್ಯಕ್ಕೆ ಗ್ಯಾಸ್ಕೆಟ್ ತರೋಕೆ ಹೋದೋನು ಗೊರಗುಂಟೆಪಾಳ್ಯದ ಜಾಮಲ್ಲಿ ಸಿಕ್ಕಾಕೊಂಡು ಒದ್ದಾಡ್ತಿದ್ದೆ. ಇಲ್ಲಿ ಬ್ಲೇಡು ಸಿಕ್ಕಾಕೊಂಡಿದೆ. ಆಗ ನಾಗಭೂಷಣ ಅಂತ ಮ್ಯಾನೇಜರು. ಶಿವಪುತ್ರ ಬೆಂಕಿ ಆರಿಸೋ ಸಿಲಿಂಡರ್ ತರೋಕೆ ಆ ಕಡೆ ಹೋಗಿದ್ದಾನೆ, ಈ ನಾಗಭೂಷಣ ಇಬ್ಬರು ಡ್ರೈವರುಗಳನ್ನ ಕರೆದು ಹಿಂದಕ್ಕೆ ತಿರುಗಿಸಿಬಿಟ್ಟ. ಶಿವಪುತ್ರ ವಾಪಸ್ ಬಂದು ಹೆಂಗಿದೆ ಸಾರ್ ಅಂತ ಕೇಳಿದ್ನಂತೆ. ಅವನು ಏನಂದ ಗೊತ್ತಾ? ‘ಸಲೀಸಾಗಿ ಬಂತು’ ಅಂದ. ನಮ್ ಶಿವಪುತ್ರ ಬಡ್ಡಿಮಗ ನಂಬಿದ. ಮೂತಿ ಪಕ್ಕಕ್ಕೇ ಹೋಗಿ ನಿಂತ. ಎಂಜಿನ್ ಶುರುವಾಯ್ತು, ಜನ ಚಪ್ಪಾಳೆ ತಟ್ಟಿದ್ರು... ಎಂಜಿನ್ನಿಂದ ಒಂದ್ ಸಿಲಿಂಡರ್ ಸಿಡಿದು ಬಂದು ಅವನ ಎದೆಗೆ ಹೊಡೀತು. ನಾನು ಗ್ಯಾಸ್ಕೆಟ್ ಹಿಡ್ಕೊಂಡು ಗೇಟಿಗೆ ಬಂದಾಗ ಆಂಬುಲೆನ್ಸ್ ಹೊರಟಿತ್ತು. ಅದರೊಳಗೆ ಅವನಿದ್ದ, ಜೀವ ಇರ್ಲಿಲ್ಲ."

ಪಿಳ್ಳಣ್ಣ ಲೋಟ ಎತ್ತಿ ಒಂದು ಗುಟುಕು ಟೀ ಕುಡಿದರು. ಮಳೆಯ ಸದ್ದು ಸ್ವಲ್ಪ ಇಳಿದಿತ್ತು. ನಿರಂಜನ್ ಲೋಟದ ತಳ ನೋಡುತ್ತ ಕೂತಿದ್ದ.

"ಇದು ಆಕ್ಸಿಡೆಂಟು. ದೆವ್ವದ್ ಕತೆ ಇಲ್ಲಿಂದ ಶುರು. ಎಂಜಿನ್ ಮತ್ತೆ ಕಟ್ಟಿದ್ವಿ. ಕಟ್ಟಿ ಮುಗಿಸಿ, ಒಂದಿನ ಬೆಳಿಗ್ಗೆ ಬಂದು ಬ್ಲೇಡು ಎಳೀತೀನಿ, ಬರ್ತಾ ಇಲ್ಲ. ಪ್ಲಗ್ ಬಿಚ್ಚಿದೆ, ಒಂದ್ ಹನಿ ಎಣ್ಣೆ ಇಲ್ಲ. ಮತ್ತೆ ಎಳೆದೆ, ಅಲ್ಲೇ ನಿಲ್ತು. ನೋಡಿ, ಎಣ್ಣೆಗೆ ಸಿಕ್ಕಾಕೊಂಡ್ರೆ ಗೋಡೆಗೆ ತಾಗಿದಂಗೆ ಇರುತ್ತೆ. ಇದು ಅಂಗಲ್ಲ... ನಾನು ಎಳೆದ್ರೆ ಆ ಕಡೆಯಿಂದ ಎಳೀತದೆ, ನಾನು ಸಡಿಲ ಬಿಟ್ರೆ ಅದೂ ಸಡಿಲ ಬಿಡ್ತದೆ. ಮನುಷ್ಯರ ಕೈ ಹೆಂಗಿರುತ್ತೆ ಅಂತ ನಂಗ್ ಗೊತ್ತಾಗಲ್ವಾ? ಈ ಮುರುಗೇಶ ಒಂದ್ ಸಲ ಹಿಡಿದು ನೋಡಿದೋನು ಗೇಟಿನವರೆಗೂ ಓಡಿದ, ಬೇಕಾದ್ರೆ ಕೇಳಿ."

ಮುರುಗೇಶ ಹೌದೆಂದು ತಲೆ ಆಡಿಸಿದ.

"ಪೂಜಾರಿ ಬಂದ, ನಿಂಬೆಹಣ್ಣು ಕೊಯ್ದ, ಬೂದುಗುಂಬಳ ಒಡೆದ. ಬ್ಲೇಡು ಅಲ್ಲಾಡ್ಲಿಲ್ಲ. ಜನ ಕೆಲಸಕ್ಕೇ ಬರೋದು ಬಿಟ್ರು. ಕಡೇಗೆ ಓನರ್ರಿಗೂ ಸಾಕಾಯ್ತು. ಎಂಜಿನ್ ಕಿತ್ತು ಗುಜರಿಗೆ ಹಾಕಿ, ಖಾಲಿ ಬಾಡೀನ ದೇವನಹಳ್ಳಿ ರೋಡಿನ ಯಾವುದೋ ರೆಸಾರ್ಟಿಗೆ ಕೊಡೋದು ಅಂತ ತೀರ್ಮಾನ ಮಾಡಿದ್ರು. ಅವ್ರು ಇದನ್ನ ಕಂಬದ ಮೇಲೆ ಕೂರಿಸಿ, ಸುತ್ತ ಸೀರಿಯಲ್ ಸೆಟ್ ಬಿಡ್ತಾರಂತೆ. ಮದುವೆಗೆ ಬಂದೋರು ಕೆಳಗೆ ನಿಂತು ಫೋಟೋ ತಗೋತಾರಂತೆ. ಹಾರೋದನ್ನ ಕಂಬಕ್ಕೆ ಹಾಕೋದಾ? ನಂಗೆ ಮೈಯೆಲ್ಲ ಉರಿದುಹೋಯ್ತು. ಕ್ರೇನು ಗೇಟಿಗೆ ಬಂದು ನಿಂತಿತ್ತು. ಮಟಮಟ ಮಧ್ಯಾಹ್ನ, ಎಲ್ರೂ ನೋಡ್ತಿರೋ ಹಂಗೇ ಹೋಗಿ ಬ್ಲೇಡು ಹಿಡ್ಕೊಂಡು ನಿಂತೆ. ‘ಪಿಳ್ಳಣ್ಣಂಗೆ ತಲೆ ಕೆಟ್ಟೋಯ್ತು, ಎಳ್ಕೊಂಡ್ ಬನ್ರೋ’ ಅಂತ ನಾಗಭೂಷಣ ಕೂಗ್ತಿದ್ದ. ಹತ್ತಿರ ಬಂದೋನ ಕಾಲು ಮುರೀತೀನಿ ಅಂದೆ. ಯಾರೂ ಬರ್ಲಿಲ್ಲ.

"ಆಮೇಲೆ ಅವನಿಗೆ ಹೇಳಿದೆ. ‘ಏನ್ಲಾ ಶಿವಪುತ್ರ, ನಿಂಗೆ ಆಗಿದ್ದು ಅನ್ಯಾಯ ಕಣೋ. ನನ್ ಹೊಟ್ಟೆ ಇನ್ನೂ ಉರೀತಾ ಇದೆ. ಆದ್ರೆ ನನ್ನ ಹೆದರ್ಸೋಕೆ ಹಿಡ್ಕೊಂಡಿದ್ರೆ, ಹೆದರೋ ಮಗ ನಾನಲ್ಲ. ಎಲ್ಲೋ ಕೆಟ್ಟಿದೆ ಅಂತ ಹಿಡ್ಕೊಂಡಿದ್ರೆ ಎಲ್ಲಿ ಅಂತ ತೋರ್ಸು, ಬಿಚ್ತೀನಿ. ಇದನ್ನ ಕಂಬಕ್ಕೆ ಏರ್ಸೋಕೆ ಅವ್ರಿಗೂ ಬಿಡಲ್ಲ, ನಿಂಗೂ ಬಿಡಲ್ಲ. ಎಳೀತೀಯಾ, ಎಳಿ. ನಾನೂ ಎಳೀತೀನಿ. ಯಾರು ಸೋಲ್ತಾರೆ ನೋಡೇಬಿಡೋಣ.’

"ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಮೂತಿ ಅಡಿಯಿಂದ ಟಕ್ ಟಕ್ ಅಂತು. ಬಿಚ್ಬೇಕಾದ ನಟ್ಟಿನ ಮೇಲೆ ಸ್ಪ್ಯಾನರಲ್ಲಿ ತಟ್ಟೋದು ಶಿವಪುತ್ರನ ಅಭ್ಯಾಸ. ಬಗ್ಗಿ ನೋಡ್ತೀನಿ, ಗಾಳಿ ಬರೋ ಕೆಳಗಿನ ಪೈಪಿನ ಹತ್ರ. ಬಿಚ್ಚಿದೆ. ಬುಳಬುಳ ಅಂತ ಎಣ್ಣೆ ಸುರೀತು, ನೋಡ್ತಿದ್ದ ಅಷ್ಟೂ ಜನದ ಎದುರಿಗೆ! ನಾಗಭೂಷಣನ ಮುಖ ನೋಡ್ಬೇಕಿತ್ತು ನೀವು. ಮೊದಲ್ನೇ ಸಲ ನಂಗೆ ಬ್ಲೇಡು ಬರ್ದೇ ಇದ್ದ ದಿನ ಬೆಳಿಗ್ಗೆ, ನಾನು ಬರೋಕ್ ಮುಂಚೆ ಅದು ಎಣ್ಣೆಗೆ ಸಿಕ್ಕಾಕೊಂಡಿತ್ತಂತೆ, ಇವನು ಮತ್ತೆ ಹಿಂದಕ್ಕೆ ತಿರುಗ್ಸಿ ಸುಮ್ನಿದ್ದ. ಒಂದ್ ಹೆಣ ಬಿದ್ಮೇಲೂ! ಅವತ್ತೇ ಸ್ಟಾರ್ಟ್ ಮಾಡಿದ್ರೆ ಮೂತಿ ಪಕ್ಕ ನಿಲ್ತಿದ್ದೋನು ನಾನು. ಅಷ್ಟಕ್ಕೇ ಕಣ್ರೀ ಅವನು ಹಿಡ್ಕೊಂಡಿದ್ದು. ಯಾರ ಮೇಲೂ ಸೇಡಿಗಲ್ಲ.

"ಪೈಪು ಮುಚ್ಚಿ ಬ್ಲೇಡು ಎಳೆದೆ, ಬಂತು. ಅಭ್ಯಾಸ ನೋಡಿ, ಬಾಯಿಗೆ ‘ಬಿಟ್ಟೆ’ ಅಂತ ಬಂದೇಬಿಡ್ತು. ಮುಂದಿನ ಬ್ಲೇಡು ತಾನಾಗೇ ತಿರುಗಿ ಬಂದು ನನ್ನೆದುರು ನಿಲ್ತು. ಆ ಕಡೆಯಿಂದ... ‘ಬಿಟ್ಟೀನ್ರೀ.’ ಓಡ್ಲಾ? ಯಾಕ್ ಓಡ್ಲಿ? ಕಣ್ಣಲ್ಲಿ ನೀರು ಬಂತು. ಒರೆಸ್ಕೊಂಡು ಮುಂದಿನ ಬ್ಲೇಡು ಎಳೆದೆ. ಕ್ರೇನು ವಾಪಸ್ ಹೋಯ್ತು."

ಮಳೆ ತುಂತುರಾಗಿತ್ತು. ನಿರಂಜನ್ ಏಳಲಿಲ್ಲ. ಪಿಳ್ಳಣ್ಣ ಎದ್ದು ವಿಮಾನದ ಮೂತಿಯ ಕಡೆ ನಡೆದು, ಕೆಳಗಿನ ಪೈಪು ಬಿಚ್ಚಬೇಕು, ಟ್ರೇ ತಾ ಶಾಂತಲಮ್ಮ ಎಂದರು. ಮಧ್ಯಾಹ್ನವಷ್ಟೇ ಸಲೀಸಾಗಿ ಬಂದಿದೆಯಂತಲ್ಲ ತಾತ ಎಂದೆ. ಅವರು ನಿರಂಜನ್ ಕಡೆ ನೋಡಿದರು.

"ಸಿಕ್ಕಾಕೊಂಡಿತ್ತು," ಎಂದ ನಿರಂಜನ್. ದನಿ ಸಣ್ಣಗಾಗಿತ್ತು. "ಪ್ಲಗ್ ಬಿಚ್ಚೋಕೆ ಕೂತ್ರೆ ನಾಳೆ ಹಾರೋದು ತಪ್ಪುತ್ತೆ ಅನ್ಕೊಂಡೆ. ಸ್ವಲ್ಪ ಹಿಂದಕ್ಕೆ ತಿರುಗಿಸಿದೆ, ಬಿಟ್ಕೊಳ್ತು."

ನನಗೆ ಅವನ ಮೇಲೆ ಕೈ ಎತ್ತಬೇಕೆನ್ನುವಷ್ಟು ಸಿಟ್ಟು ಬಂತು. ಟ್ರೇ ತಂದಿಟ್ಟು ಪೈಪು ಬಿಚ್ಚಿದೆ. ಕಪ್ಪು ಎಣ್ಣೆ ಟ್ರೇಗೆ ಸುರಿಯತೊಡಗಿತು. ಈಗ ಸ್ಟಾರ್ಟ್ ಮಾಡಿದ್ದರೆ ಒಳಗಿನ ರಾಡು ಬಾಗಿ, ನಾಳೆ ಅವನು ನೆಲ ಬಿಟ್ಟ ಮೇಲೆ ಎಂಜಿನ್ ಮುರಿಯುತ್ತಿತ್ತು. ನಾವು ಕೆಳಗೆ ನಿಂತು ನೋಡಬೇಕಾಗಿತ್ತು. ನಿರಂಜನ್ ಎಣ್ಣೆಯನ್ನೇ ದಿಟ್ಟಿಸುತ್ತಿದ್ದ.

"ನೀವು ಮಧ್ಯಾಹ್ನ ಗಂಗಾನಗರದಲ್ಲಿದ್ರಿ ತಾತ," ಎಂದ. "ನಾನು ಯಾರಿಗೂ ಹೇಳಿಲ್ಲ. ಶೆಡ್ಡಲ್ಲಿ ನಾನೊಬ್ನೇ ಇದ್ದೆ."

ಪಿಳ್ಳಣ್ಣ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಒಬ್ರೇ ಇದ್ರಾ? ಸಂಜೆ ಬಂದವನೇ ನಾನು ಬ್ಲೇಡಿನ ಮೇಲೆ ಕೈ ಇಟ್ಟೆ... ಬರ್ಲಿಲ್ಲ. ನೀವು ತಿರುಗ್ಸಿದ್ರಿ, ಹೋದ್ರಿ, ಬಿಟ್ಟೆ ಅಂತ ಹೇಳ್ಲಿಲ್ಲ. ಅದು ಕೇಳದೆ ಅವನು ಬಿಡಲ್ಲ. ಹೋಗಿ, ಎದುರಿಗೆ ನಿಂತು ಹೇಳಿ ಬನ್ನಿ ಸಾಹೇಬ್ರೇ. ಪಾಪ, ಮಧ್ಯಾಹ್ನದಿಂದ ಹಿಡ್ಕೊಂಡೇ ನಿಂತಿದ್ದಾನೆ."