ರವಿವಾರದ ತೊಟ್ಟಿಲು

ಅಫಜಲಪುರದ ಬಸ್ ನಿಲ್ದಾಣದಲ್ಲಿ ಸೂರ್ಯಕಾಂತ ಬೆಂಚಿನ ತುದಿಗೆ ಸರಿದು ಇಬ್ಬರು ಹೆಂಗಸರಿಗೆ ಜಾಗ ಕೊಟ್ಟ. ಒಬ್ಬಾಕೆ ಮುದುಕಿ. ಇನ್ನೊಬ್ಬಾಕೆ, ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆಯವಳೆಂದು ಮಾತಿನಿಂದಲೇ ತಿಳಿಯಿತು.

“ಆಯಿ, ಊರ ಮಂದಿ ಚಾಪಿ ಕೊಟ್ಟಾರ, ಆಟಗಿ ಸಾಮಾನ ಕೊಟ್ಟಾರ. ನೀವು ನಿಮ್ಮ ತೊಟ್ಟಿಲ ಕೊಡ್ರಿ. ಖಾಲೀನೇ ಅದಲ್ಲ.”

“ಖಾಲಿ ತೊಟ್ಟಿಲ ತೂಗಬಾರದು ಅಂತಾರ, ಹೌದಿಲ್ಲವ್ವ?”

“ಹೌದ್ರಿ. ಕೂಸಿಗಿ ಚಲೋ ಅಲ್ಲಂತ.”

“ನಮ್ಮ ಮನ್ಯಾಗ ಯಾವ ಕೂಸದ? ನಾ ದಿನಾ ತೂಗ್ತೇನಿ.”

ಕಿರಿಯಾಕೆ ಮುದುಕಿಯ ಹತ್ತಿರ ಸರಿದು ಕೂತಳು.

“ಹಂಗಾದ್ರ ತೊಟ್ಟಿಲ ಜೋಡಿ ನೀವೂ ಬರ್ರಿ ಆಯಿ. ತೂಗಾಕ ಒಬ್ಬರು ಬೇಕಾಗ್ಯಾರ.”

“ಬರ್ತೇನಿ. ರವಿವಾರ ನಿಮ್ಮದು ಬಂದ್ ಇರ್ತದಲ್ಲವ್ವ, ಅವತ್ತ ಏನ್ ತೂಗ್ಲಿ?”

ಘತ್ತರಗಿ ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಬೆಂಚೆಲ್ಲ ಖಾಲಿಯಾದರೂ ಸೂರ್ಯಕಾಂತ ತುದಿಯಲ್ಲೇ ಕೂತಿದ್ದ.