ಪ್ರಸ್ಥಾನ ಇಟ್ಟಿದ್ದು ಸೋಮವಾರ, ದೋಣಿ ಹೊರಟಿದ್ದು ಬುಧವಾರ

ನನ್ನ ಹೆಸರು ಪರಿಮಳಾ ಕೋಂ ಶಾಂತಾರಾಮ ಹೆಗಡೆ, ವಯಸ್ಸು 47 ವರ್ಷ, ಉದ್ಯೋಗ ಹೊಲಿಗೆ, ವಾಸ ಹುಬ್ಬಳ್ಳಿ ರಸ್ತೆ, ಶಿರಸಿ. ಇಂದು ದಿನಾಂಕ 10-12-2025ರ ಬುಧವಾರ ಸಂಜೆ 6.10ಕ್ಕೆ ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಪತಿ ಶಾಂತಾರಾಮ, 53 ವರ್ಷ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಓದುವ ದಿನಗಳಲ್ಲಿ ಎನ್‌ಸಿಸಿಯಲ್ಲಿ ಹಾಯಿದೋಣಿ ನಡೆಸಲು ಕಲಿತಿದ್ದರು. ಎರಡು ವರ್ಷ ಹಿಡಿದು ಮನೆಯ ಹಿಂದೆ ಹನ್ನೆರಡು ಅಡಿಯ ದೋಣಿ ಕಟ್ಟಿದರು. ಹಾಯಿಯನ್ನು ನಾನೇ ಹೊಲಿದಿದ್ದೇನೆ. ಇಳಿತದ ನೀರಿನೊಂದಿಗೆ ತದಡಿಯ ಅಳಿವೆ ದಾಟಿ, ದಡದಿಂದ ಒಂದು ಕಿ.ಮೀ. ಒಳಗೇ ಉತ್ತರಕ್ಕೆ ಸಾಗಿ, ಸುಮಾರು 24 ಕಿ.ಮೀ. ದೂರದ ಬೇಲೆಕೇರಿಯನ್ನು ಮಧ್ಯಾಹ್ನ 2ರೊಳಗೆ ಮುಟ್ಟುವುದು ಅವರ ಯೋಜನೆ. ಗಾಳಿ ನೋಡಿ ಸೋಮವಾರದಿಂದ ಬುಧವಾರದೊಳಗೆ ಒಂದು ದಿನ ಹೊರಡುವವರಿದ್ದರು. ಹೊರಟ ಒಂಬತ್ತು ಗಂಟೆಯೊಳಗೆ ಫೋನ್ ಬರದಿದ್ದರೆ ಕರಾವಳಿ ಕಾವಲಿನ ತುರ್ತು ನಂಬರಿಗೆ ತಿಳಿಸಬೇಕೆಂದು ಬರೆದ ಚೀಟಿಯನ್ನು ನನ್ನ ಹೊಲಿಗೆ ಮಷಿನ್ನಿಗೆ ಅಂಟಿಸಿ, ಭಾನುವಾರ ದೋಣಿಯೊಂದಿಗೆ ತದಡಿಗೆ ಹೋದರು.

ಸೋಮವಾರ ಬೆಳಿಗ್ಗೆ ನಾನು ಸಿದ್ದಾಪುರದ ತಂಗಿ ನಮಿತಾಳ ಮನೆಯಲ್ಲಿದ್ದೆ. 11.30ಕ್ಕೆ ವಾಪಸು ಬಂದಾಗ ಅತ್ತೆ ಸುಬ್ಬಲಕ್ಷ್ಮಿಯವರು, ಮಗನ ಫೋನ್ ಬಂದಿತ್ತು, 7.20ಕ್ಕೆ ಹೊರಟ ಎಂದರು. ನಾನು ನಂಬಿದೆ. ಸಂಜೆಯವರೆಗೂ ಫೋನ್ ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. 4.20ಕ್ಕೆ ಸರಿಯಾಗಿ ತುರ್ತು ನಂಬರಿಗೆ ತಿಳಿಸಿದೆ. ಹುಡುಕಲು ಬೋಟುಗಳು ಹೊರಟವು. 5.40ಕ್ಕೆ ನನ್ನ ಪತಿ ತದಡಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಸಿಕ್ಕರು. ಬ್ಯಾಟರಿ ಉಳಿಸಲು ಆಫ್ ಮಾಡಿಟ್ಟಿದ್ದ ಫೋನನ್ನು ಆನ್ ಮಾಡಿ ಅಲ್ಲಿಂದಲೇ ಮಾತನಾಡಿ, "ಎಂತಕ್ಕೆ ಗಡಿಬಿಡಿ? ಆನು ಇನ್ನೂ ಹೊರಟಿದ್ದೇ ಇಲ್ಲೆ" ಎಂದರು.

ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟು. ಮಂಗಳವಾರ, ಬುಧವಾರ ಉತ್ತರ ದಿಕ್ಕಿಗೆ ಶೂಲ, ಪ್ರಯಾಣ ಕೂಡದು. ಅದಕ್ಕೆ ಅತ್ತೆಯವರ ಒತ್ತಾಯದ ಮೇಲೆ ಸೋಮವಾರ 7.20ರ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಚೀಲವನ್ನು ತದಡಿಯ ಮೀನುಗಾರ ಸೋಮ ಎಂಬವರ ಮನೆಯಲ್ಲಿ ಇಟ್ಟಿದ್ದರು. ಇದಕ್ಕೆ ನಮ್ಮಲ್ಲಿ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಚೀಲ ಹೊರಟರೆ ಮನುಷ್ಯ ಹೊರಟಂತೆ ಲೆಕ್ಕ. ಆಮೇಲೆ ಅನುಕೂಲವಾದ ದಿನ ಚೀಲ ಎತ್ತಿಕೊಂಡು ಹೋಗಬಹುದು. ಭೌತಶಾಸ್ತ್ರದವರು ಪ್ರಸ್ಥಾನ ಇಟ್ಟರೆಂದು ನಾನು ನಗುತ್ತೇನೆಂದು ನನಗೆ ಹೇಳಿರಲಿಲ್ಲವಂತೆ. ಅತ್ತೆಯವರನ್ನು ಕೇಳಿದರೆ, "ಪ್ರಸ್ಥಾನ ಇಟ್ಟಮೇಲೆ ಹೊರಟ ಹೇಳೇ ಹೇಳವು", ಅಂದರೆ ಹೊರಟನೆಂದೇ ಹೇಳಬೇಕು, ಎಂದರು. ಅವರದು ತಪ್ಪೆಂದು ನಾನು ಹೇಳಲಾರೆ. ಬೋಟಿನವರು ಮಾತ್ರ ನನ್ನನ್ನು ಚೆನ್ನಾಗಿ ಬೈದರು. ಊರಲ್ಲೆಲ್ಲ ನಗೆಪಾಟಲಾದೆ.

ಇನ್ನು ನಿಜವಾಗಿ ಹೊರಡುವಾಗ ತಾನೇ ಮಾತನಾಡಿ ಹೇಳುತ್ತೇನೆಂದು ಪತಿ ಮಂಗಳವಾರ ಮಾತು ಕೊಟ್ಟರು. ಇಂದು ಬೆಳಿಗ್ಗೆ 7.05ಕ್ಕೆ ಫೋನ್ ಬರಲಿಲ್ಲ, "ಹೊರಟೆ" ಎಂಬ ಮೆಸೇಜು ಬಂತು. 7.15ಕ್ಕೆ ನಾನು ಫೋನ್ ಮಾಡಿದಾಗ ಸ್ವಿಚ್ ಆಫ್. ಇದು ಯಾವ ಹೊರಟೆ ಎಂದು ನನಗೆ ತಿಳಿಯಲಿಲ್ಲ. ಅತ್ತೆಯವರನ್ನು ಕೇಳಿದೆ. ಅವನು ಸೋಮವಾರವೇ ಹೊರಟಾಗಿದೆಯಲ್ಲ ಎಂದರು.

ಚೀಟಿಯ ಪ್ರಕಾರ ನಾನು 4.05ಕ್ಕೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಮತ್ತೆ ನಗುತ್ತಾರೆಂದು ನಾಚಿಕೆಯಾಯಿತು. 5.00ರವರೆಗೆ ಒಂದು ರವಿಕೆಯ ಕೈ ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ. ಆ 55 ನಿಮಿಷ ಸಮುದ್ರದ ಮೇಲೆ ಬೆಳಕಿತ್ತು. ಅದನ್ನು ಕಳೆದವಳು ನಾನು.

5.00ಕ್ಕೆ ತುರ್ತು ನಂಬರಿಗೆ ಮಾಡಿದಾಗ, ಇವತ್ತಾದರೂ ಹೊರಟಿದ್ದು ಖಾತ್ರಿಯೇ ಎಂದು ಕೇಳಿದರು. ಮೆಸೇಜು ಬಂದಿದ್ದಷ್ಟೇ ಗೊತ್ತು ಎಂದೆ. ಖಾತ್ರಿ ಮಾಡಿಕೊಂಡು, ಹತ್ತಿರದ ಠಾಣೆಯಲ್ಲಿ ಹೇಳಿಕೆ ಬರೆಸಿ ಎಂದರು. 5.10ಕ್ಕೆ ಸೋಮ ಅವರಿಗೆ ಫೋನ್ ಮಾಡಿದೆ. ಅವರು ಬೆಳಗಿನ ಜಾವವೇ ಮೀನಿಗೆ ಹೋಗಿ ಆಗಷ್ಟೇ ಬಂದಿದ್ದರಂತೆ. ನೋಡಿ ಬಂದು, "ದೋಣಿ ಇಲ್ಲ ಅಮ್ಮ, ಚೀಲ ಮಾತ್ರ ನಮ್ಮನೇಲೇ ಉಂಟು" ಎಂದರು. ಚೀಲ ಎತ್ತದೆ ನನ್ನ ಪತಿ ಹೊರಡುವವರಲ್ಲ. ಅವರಿಲ್ಲದೆ ದೋಣಿ ಹೊರಡುವುದಿಲ್ಲ. ಎರಡರಲ್ಲಿ ಯಾವುದನ್ನು ನಂಬಲಿ? ನಾನು ಹೇಳಿದ ಮೇಲೆ ಸೋಮ ಚೀಲ ಬಿಚ್ಚಿದರು. ಅದರಲ್ಲಿ ಟಾರ್ಚು, ಸೀಟಿ ಮತ್ತು ತೇಲುವ ಜಾಕೀಟು ಇದ್ದವು.

ಆದ್ದರಿಂದ ನನ್ನ ಪತಿ ಜಾಕೀಟಿಲ್ಲದೆ ಸಮುದ್ರದಲ್ಲಿದ್ದಾರೆಂದೇ ತಿಳಿದು ಈಗಲೇ ಹುಡುಕಿಸಬೇಕಾಗಿ ಕೈಮುಗಿದು ಕೇಳುತ್ತೇನೆ. ಸೋಮವಾರ ನಾನು ಕೊಟ್ಟ ಮಾಹಿತಿ ತಪ್ಪು. ಇಂದು ಹೇಳಿ ಬರೆಸಿದ್ದು, ಓದಿ ಹೇಳಿದಾಗ ಕೇಳಿದ್ದು, ನನಗೆ ತಿಳಿದಮಟ್ಟಿಗೆ ನಿಜ. ಇದೂ ಸುಳ್ಳಾಗಿ ಅವರು ಯಾವುದಾದರೂ ದಡದಲ್ಲಿ ಸಿಕ್ಕಿದರೆ, ಸುಳ್ಳು ಹೇಳಿಕೆಗೆ ಏನು ಶಿಕ್ಷೆಯೋ ಅದನ್ನು ಕೊಡಿ, ಸಂತೋಷದಿಂದ ಅನುಭವಿಸುತ್ತೇನೆ.

ಸ್ಥಳ: ಶಿರಸಿ
ದಿನಾಂಕ: 10-12-2025, ಸಂಜೆ 6.45
ಸಹಿ: ಪರಿಮಳಾ ಶಾಂತಾರಾಮ ಹೆಗಡೆ